ಅವ್ವನಿಗೆ ಬಿದ್ದ ಸೊನ್ನೆ

ಹೋದ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ನಡೆದದ್ದು. ನೆನೆದರೆ ಈಗಲೂ ಮೈ ಉರಿಯುತ್ತದೆ. ಕರೋಶಿಯಲ್ಲಿ ಆಡು ಕಾಯುವ ನಮ್ಮ ಅವ್ವನನ್ನು ಚಿಕ್ಕೋಡಿಯ ಆರೋಗ್ಯ ಶಿಬಿರಕ್ಕೆ ಕರೆದೊಯ್ದವಳು ನಾನೇ. ಅಲ್ಲೇ ಶಾಲೆಯೊಂದರಲ್ಲಿ ನಾನು ಶಿಕ್ಷಕಿ.

ಮೊಣಕಾಲು ನೋವು ತೋರಿಸಲು ಹೋದವಳನ್ನು ನೆನಪಿನ ಪರೀಕ್ಷೆಗೂ ಕೂರಿಸಿದರು. ಯುವಕನೊಬ್ಬ ತಲೆ ಎತ್ತದೆ ಫಾರ್ಮು ಓದಿದ, “ಇಂದಿನ ದಿನಾಂಕ ಎಷ್ಟು?”

“ಅಮಾಸಿ ಆಗಿ ಮೂರ ದಿನ ಆತ್ರಿ” ಎಂದಳು ಅವ್ವ. ಲೆಕ್ಕ ಸರಿಯಾಗಿಯೇ ಇತ್ತು. ಅವನು ತಪ್ಪು ಹಾಕಿದ. ಗಡಿಯಾರದ ಚಿತ್ರ ಬರೆಯಿರಿ ಎಂದ. ಹುಟ್ಟಿದಾಗಿನಿಂದ ಪೆನ್ಸಿಲ್ ಹಿಡಿಯದವಳು ಒಂದು ಗೀಟು ಎಳೆದು ಕೈಬಿಟ್ಟಳು. ಕೊನೆಗೆ, “ಗಂಡನ ಹೆಸರೇನು?”

ಅವ್ವ ಬಾಯಿಗೆ ಸೆರಗಿಟ್ಟು ನನ್ನತ್ತ ನೋಡಿದಳು. ಅಪ್ಪ ಹೋಗಿ ಹತ್ತು ವರ್ಷವಾದರೂ ಅವರ ಹೆಸರು ಅವಳ ಬಾಯಿಂದ ಬಂದದ್ದಿಲ್ಲ. ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. “ಗಂಡನ ಹೆಸರೂ ನೆನಪಿಲ್ಲ” ಎಂದು ಗೊಣಗಿ ಅವನು ಸೊನ್ನೆ ಬರೆದ. ಚೀಟಿಯ ಮೇಲೆ ‘ಮರೆವಿನ ಕಾಯಿಲೆ’ ಎಂದು ಗೀಚಿ ಕೊಟ್ಟ.

ಚೀಟಿ ನೋಡಿದ ಅಣ್ಣ ಮರುದಿನವೇ ಅವ್ವನ ಆಡು ಕಾಯುವ ಕೋಲು ಕಸಿದುಕೊಂಡ. “ಎಲ್ಲ್ಯರ ಹಾದಿ ತಪ್ಪೀ ಬೇ, ಮನ್ಯಾಗ ಕುಂದ್ರ” ಎಂದನಂತೆ. ವಾರದ ಮೇಲೆ ನಾನು ಹೋದಾಗ ಅವ್ವ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. “ನನಗ ಖರೇನ ತಲಿ ಕೆಟ್ಟೈತೇನವ್ವಾ?” ಎಂದು ಕೇಳಿದಳು. ನನಗೆ ಅಳು ಬಂತು.

ಅಂದು ಸಂಜೆ ಅಣ್ಣ ಆಡು ಹೊಡೆದುಕೊಂಡು ಬಂದು ಎಣಿಸಿ, “ಇಪ್ಪತ್ತೆರಡು, ಬರೋಬ್ಬರಿ ಅದಾವ” ಎಂದ.

ಅವ್ವ ಕೂತಲ್ಲಿಂದಲೇ ಒಮ್ಮೆ ಕಣ್ಣಾಡಿಸಿದಳು. “ಕಿವಿ ಸೀಳಿದ್ದು ಬಂದಿಲ್ಲ. ಆ ಬಿಳೇದು ನಮ್ದಲ್ಲ, ಬಾಜೂ ಮನಿಯವರದು.”

ಹೋಗಿ ನೋಡಿದರೆ ನಮ್ಮ ಆಡು ಪಕ್ಕದವರ ದೊಡ್ಡಿಯಲ್ಲಿ ಮೇವು ತಿನ್ನುತ್ತಿತ್ತು. ಅಣ್ಣ ಕೋಲು ತಂದು ಅವ್ವನ ಪಕ್ಕಕ್ಕಿಟ್ಟ.

ಶಾಲೆ ಕಲಿತವರಿಗಾಗಿ ಮಾಡಿದ ಫಾರ್ಮಿನಿಂದ ನಮ್ಮ ಅವ್ವನ ತಲೆ ಅಳೆದವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ ಇದೆ. ಅವಳು ಯಾಕೆ ಸುಮ್ಮನಾದಳು ಎಂಬುದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾಲ್ಕು ಜನರೆದುರು ನಮ್ಮ ಹಳ್ಳಿಯ ಪದ್ಧತಿ ಹೇಳಲು ನಾಚಿಕೊಂಡೆ. ಅಪ್ಪನ ಹೆಸರು ಹೇಳಲು ಅವ್ವನಿಗೆ ಅಡ್ಡಿಯಿತ್ತು, ನನಗೇನಿತ್ತು?