ಹಗಲಿನ ಹೆಸರು ಕೂಗದ ದರ್ಜಿ

"ಆ ದರ್ಜಿಯ ಕುತ್ತಿಗೆ ಖಾಲಿ ಇದ್ದದ್ದನ್ನ ಕಂಡವರಿಲ್ಲ. ದಿನಾ ಅಳತೆ ಟೇಪು, ವರ್ಷಕ್ಕೊಂದು ಸಂಜೆ ಮುತ್ತಿನ ಸರ" ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಕೆಳಮನೆಯ ಮುದುಕಿಯೊಬ್ಬಳು ಮಾತ್ರ ಬಾಯಿಬಿಟ್ಟೇ ಹೇಳುತ್ತಿದ್ದಳು: "ಅವನ ಗೌನು ನೋಡಿದ್ರೆ ನನಗೇ ಹೊಟ್ಟೆಕಿಚ್ಚು ಕಣ್ರೇ!"

ಆ ಊರಿನ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಡ್ರ್ಯಾಗ್ ಸ್ಪರ್ಧೆ. ಗಂಡಸರು ವಿಗ್ಗು, ಗೌನು ತೊಟ್ಟು, ರಾಣಿಯರಾಗಿ ಕುಣಿದು, ಕಿರೀಟಕ್ಕೆ ಸೆಣಸುವ ಆಟ. ಹನ್ನೆರಡು ವರ್ಷದಿಂದ ಅದರ ನಿರೂಪಣೆ ನಮ್ಮ ದರ್ಜಿಯದೇ. ಅಲ್ಲಿ ಅವನನ್ನು ಎಲ್ಲರೂ ಕರೆಯುವುದು ದೊಡ್ಡಮ್ಮ ಎಂದು. ದೊಡ್ಡಮ್ಮ ಹಾಕಿದ ಗೆರೆ ದಾಟಿದವರಿಲ್ಲ. ಬಣ್ಣ ಹಚ್ಚುವ ಕೋಣೆಗೆ ಬಾಗಿಲು ತಟ್ಟದೆ ಕಾಲಿಡಬಾರದು. ಇನ್ನೊಬ್ಬರ ವಿಗ್ಗನ್ನು ಕೇಳದೆ ಮುಟ್ಟಬಾರದು. ಸೋತವಳು ಮೊದಲು ಚಪ್ಪಾಳೆ ತಟ್ಟಬೇಕು, ಆಮೇಲೆ ಬೇಕಾದಷ್ಟು ಅಳಬಹುದು. ನಿರೂಪಕಿ ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳಲಿ, ಸ್ಪರ್ಧಿಯ ಮೈಯನ್ನಲ್ಲ. ಎಲ್ಲಕ್ಕಿಂತ ದೊಡ್ಡದು, ವೇದಿಕೆಯ ಮೇಲೆ ಯಾರ ಹಗಲಿನ ಹೆಸರನ್ನೂ, ಅಂದರೆ ಮನೆಯಲ್ಲಿ, ಕೆಲಸದಲ್ಲಿ ಕರೆಯುವ ಅಸಲಿ ಹೆಸರನ್ನು, ಕೂಗಬಾರದು.

ಇದನ್ನು ಅವನು ಪೆಟ್ಟು ತಿಂದೇ ಕಲಿತದ್ದು. ಮೊದಲ ವರ್ಷ ಗಡಿಬಿಡಿಯಲ್ಲಿ, ಅರ್ಜಿ ನೋಡಿಕೊಂಡು, ಒಬ್ಬನ ಹಗಲಿನ ಹೆಸರನ್ನೇ ಓದಿಬಿಟ್ಟಿದ್ದ. ಪಾಪ, ಅವನು ಶಾಲೆಯ ವ್ಯಾನು ಓಡಿಸುವವನು. ಸೋಮವಾರವೇ ಕೆಲಸ ಹೋಯಿತು. ತಪ್ಪೊಪ್ಪಿಕೊಳ್ಳಲು ದರ್ಜಿ ಮೂರು ಸಲ ಅವನ ಮನೆಗೆ ಹೋದ. ಮೂರು ಸಲವೂ ಬಾಗಿಲು ತೆರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಕೂಗುವ ಚೀಟಿಗಳನ್ನು ಅವನೇ ಬರೆಯುತ್ತಿದ್ದ, ರಾಣಿಯ ಹೆಸರು ಮಾತ್ರ ಹಾಕಿ.

ಈ ವರ್ಷ ಸಭಾಂಗಣ ಒಬ್ಬ ಹೊಸ ಯಜಮಾನನ ಪಾಲಾಯಿತು. ದರ್ಜಿ ಇದ್ದದ್ದು ಅಕ್ಕನ ಮನೆಯಲ್ಲಿ; ಭಾವ ಅದೇ ಯಜಮಾನನ ಉಗ್ರಾಣ ನೋಡಿಕೊಳ್ಳುತ್ತಿದ್ದ. ಸ್ಪರ್ಧೆ ಅರ್ಧಕ್ಕೆ ಬಂದಿತ್ತು. ಯಜಮಾನ ಪರದೆಯ ಮರೆಗೆ ಬಂದು ದರ್ಜಿಯ ಕೈಗೆ ಒಂದು ಚೀಟಿ ತುರುಕಿದ.

"ಮುಂದೆ ಬರೋನ ಅಸಲಿ ಹೆಸರು, ಕೆಲಸ ಮಾಡೋ ಬ್ಯಾಂಕು, ಎಲ್ಲ ಇದರಲ್ಲಿದೆ. ಓದು. ಅವನ ಮ್ಯಾನೇಜರು ಮೊದಲ ಸಾಲಲ್ಲೇ ಕೂತಿದಾನೆ. ಜನ ಬಿದ್ದು ಬಿದ್ದು ನಗ್ತಾರೆ."

"ನಗಿಸಬೇಕು ಅಂದ್ರೆ ನನ್ನ ಸೊಂಟದ ಸುತ್ತಳತೆ ಓದ್ತೀನಿ ಸ್ವಾಮಿ. ಇದನ್ನ ಓದಲ್ಲ."

"ನಿನ್ನ ಭಾವನ ಅನ್ನ ನನ್ನ ಕೈಲಿದೆ, ನೆನಪಿರಲಿ."

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಬ್ಯಾಂಕಿನ ಗುಮಾಸ್ತ ಬಣ್ಣದೊಳಗೇ ಬಿಳಿಚಿಕೊಂಡ. ದರ್ಜಿ ಯಜಮಾನನ ಕಣ್ಣೆದುರೇ ಚೀಟಿಯನ್ನು ನಾಲ್ಕು ಚೂರು ಮಾಡಿ ವೇದಿಕೆಗೆ ನಡೆದ. ಬಾಯಿ ತೆರೆಯುವಷ್ಟರಲ್ಲಿ ಮೈಕು ಸತ್ತಿತು. ಯಾರು ಕೊಂದರೆಂದು ಕೇಳಬೇಕೆ? ದರ್ಜಿ ಅದನ್ನು ನೆಲದ ಮೇಲಿಟ್ಟು, ಎದೆ ತುಂಬ ಉಸಿರೆಳೆದು, ಕೊನೆಯ ಸಾಲಿಗೂ ಮುಟ್ಟುವಂತೆ ಕೂಗಿದ: "ಬರ್ತಾ ಇದಾಳೆ, ಮಿಂಚಿನ ಮಹಾರಾಣಿ!" ಮಹಾರಾಣಿ ಬಂದಳು, ಕುಣಿದಳು. ಉಳಿದ ಐವರನ್ನೂ ಅವನು ಬರಿ ಗಂಟಲಲ್ಲೇ ಕರೆದ.

ಮರುದಿನ ಬೆಳಿಗ್ಗೆ ಭಾವ ಬಿಳಿ ಹಾಳೆ ಮುಂದಿಟ್ಟ. "ತಪ್ಪಾಯ್ತು ಅಂತ ಬರಿ. ಮುಂದಿನ ಸಲ ಅವರು ಕೊಟ್ಟಿದ್ದು ಓದ್ತೀನಿ ಅಂತಾನೂ ಸೇರಿಸು. ಆಗಲ್ಲ ಅಂದ್ರೆ ಈ ಮನೇಲಿ ಜಾಗ ಇಲ್ಲಪ್ಪ."

"ನಾನು ಈ ಮನೇಲಿಲ್ಲ ಅಂದ್ರೆ ನಿಮ್ಮ ಕೆಲಸ ಉಳಿಯತ್ತಾ ಭಾವ?"

"ಉಳಿಯತ್ತೆ. ಅವರೇ ಹಾಗಂದ್ರು."

"ಹಾಗಾದ್ರೆ ಹೊರಟೆ."

ಅಕ್ಕ ಕಣ್ಣೊರೆಸಿಕೊಂಡಳು. "ಒಂದು ಚೀಟಿ ಓದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ನನ್ನ ಗಂಟಲ್ಲ ಅಕ್ಕಾ, ಅವನ ಗಂಟು. ಒಬ್ಬನದು ಆಗಲೇ ಕಳೆದಿದ್ದೀನಿ."

"ಹಿಂದಿನ ಬಾಗಿಲಿಂದ ಹೋಗು. ಆ ಬಟ್ಟೆಗಳೆಲ್ಲ ಚೀಲದೊಳಗಿರಲಿ, ಬೀದಿ ಜನ ನೋಡ್ತಾರೆ" ಎಂದ ಭಾವ.

ದರ್ಜಿ ಕೋಣೆ ಸೇರಿ ಚಿಲಕ ಹಾಕಿಕೊಂಡ. ಒಂದು ತಾಸು ಬಿಟ್ಟು ಬಾಗಿಲು ತೆರೆದಾಗ ದೊಡ್ಡಮ್ಮ ನಿಂತಿದ್ದಳು, ಹಸಿರು ಗೌನು, ಎತ್ತಿ ಕಟ್ಟಿದ ವಿಗ್ಗು, ತುಟಿಗೆ ಕೆಂಪು. ಭಾವ ಮುಖ ತಿರುಗಿಸಿದ. ಅಕ್ಕ ಮೇಲಿನಿಂದ ಕೆಳಗಿನವರೆಗೆ ನೋಡಿ, "ತಿರುಗು, ಬೆನ್ನಿನ ಕೊಂಡಿ ಬಿಟ್ಟಿದೆ" ಎಂದು ತಾನೇ ಸಿಕ್ಕಿಸಿದಳು.

ಹೊಲಿಗೆ ಯಂತ್ರದ ತಲೆಯನ್ನು ಸೊಂಟಕ್ಕೇರಿಸಿಕೊಂಡು ದೊಡ್ಡಮ್ಮ ಮುಂಬಾಗಿಲು ದಾಟಿದಳು. ಕಿಟಕಿಗಳು ಒಂದೊಂದಾಗಿ ತೆರೆದವು. ಯಾರೋ ಶಿಳ್ಳೆ ಹೊಡೆದರು. ಮೆಚ್ಚಿಯೋ ಹಂಗಿಸಿಯೋ, ದೊಡ್ಡಮ್ಮ ತಿರುಗಿ ನೋಡಲಿಲ್ಲ. ಗೌನಿನ ಅಂಚು ಎತ್ತಿ ಹಿಡಿದು, ಹಾಡುಹಗಲಲ್ಲಿ, ನಡುಬೀದಿಯಲ್ಲೇ ನಡೆದಳು.