ಒಲೆಗೆ ಬಿದ್ದ ಮಾತ್ರೆಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದಲ್ಲಿ ಹೃದ್ರೋಗ ವೈದ್ಯನಾಗಿದ್ದೆ. ವಾರಕ್ಕೊಮ್ಮೆ ಸಕಲೇಶಪುರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಅಲ್ಲಿಗೆ ವನಗೂರಿನ ಕಡೆಯ ಎಸ್ಟೇಟಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಕೀಲು ಜ್ವರ ಅವಳ ಹೃದಯದ ಕವಾಟವನ್ನು ಹಾಳುಮಾಡಿತ್ತು. ಬೆಂಗಳೂರಿನಲ್ಲಿ ಅದನ್ನು ತೆಗೆದು ಲೋಹದ ಕವಾಟ ಹಾಕಿದ್ದರು. ಪ್ರತಿ ಬಡಿತಕ್ಕೂ ಅದು ಗಡಿಯಾರದ ಹಾಗೆ ಸದ್ದು ಮಾಡುತ್ತಿತ್ತು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಅವಳು ಬದುಕಿರುವಷ್ಟು ದಿನವೂ ನುಂಗಬೇಕಿತ್ತು.

ಅವಳ ತೋಳಿನ ಮೇಲೆ ಯಾವಾಗಲೂ ನೀಲಿ ಕಲೆಗಳಿರುತ್ತಿದ್ದವು. ಮಾತ್ರೆ ಹೆಚ್ಚಾಯಿತೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಿರುತ್ತಿತ್ತು. ಒಮ್ಮೆ ಆ ಕಲೆಯಲ್ಲಿ ಬೆರಳುಗಳ ಗುರುತು ಎದ್ದು ಕಂಡಿತು. ಎಸ್ಟೇಟಿನ ಜೀಪ್ ಓಡಿಸುತ್ತಿದ್ದ ಅವಳ ಗಂಡನನ್ನು ಒಳಗೆ ಕರೆದೆ.

"ಇವಳು ಈ ಮಾತ್ರೆ ನುಂಗುತ್ತಿರುವಷ್ಟು ದಿನ ಹೊಡೆದರೆ ಒಳಗೇ ರಕ್ತ ಸೋರಿ ಸಾಯುತ್ತಾಳೆ. ಅದು ಕೊಲೆ."

ಅವನು ನೆಲ ನೋಡುತ್ತ, "ಮಲಗಿದ್ರೆ ಅವಳೆದೆ ಟಿಕ್ ಟಿಕ್ ಅಂತೈತೆ ಸಾರ್. ತಲೆ ಕೆಟ್ಟೋಯ್ತದೆ," ಎಂದ.

ಕೆಲವು ತಿಂಗಳು ಕಲೆಗಳು ಕಾಣಲಿಲ್ಲ. "ಕೈ ಎತ್ತಿದ್ರೆ, ಹೊಡಿ, ಜೈಲಿಗೋಗು ಅಂತೀನಿ," ಎಂದು ಅವಳು ನಗುತ್ತ ಹೇಳಿದ್ದಳು.

ಕಾಫಿ ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ಅವಳ ಅಕ್ಕ ಅವಳನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ಬಂದಳು. ತುಟಿ ನೀಲಿಗಟ್ಟಿತ್ತು. ಬಾಯಲ್ಲಿ ಕೆಂಪು ನೊರೆ. ಓಲೆ ಕಿತ್ತು ಕಿವಿ ಹರಿದಿತ್ತು. ಬೆನ್ನ ತುಂಬ ಸೌದೆಯ ಬಾಸುಂಡೆ. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಲೋಹದ ಸದ್ದು ಇರಲಿಲ್ಲ.

"ಹದ್ನೈದ್ ದಿನದ್ ಹಿಂದೇನೇ ಮಾತ್ರೆಯೆಲ್ಲ ಒಲೆಗೆ ಹಾಕ್ಬುಟ್ಟವ್ನೆ ಸಾರ್," ಎಂದಳು ಅಕ್ಕ. "ಮಾತ್ರೆ ನುಂಗ್ದಿದ್ರೆ ಸಾಯಲ್ಲ, ಇನ್ ಹೊಡೀಬೋದು ಅಂದ್ನಂತೆ."

ನನ್ನ ಮಾತನ್ನು ಅವನು ಹಾಗೆ ಅರ್ಥಮಾಡಿಕೊಂಡಿದ್ದ. ಈಗ ರಕ್ತ ಹೆಪ್ಪುಗಟ್ಟಿ ಕವಾಟ ಸಿಕ್ಕಿಕೊಂಡಿತ್ತು. ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಹೊಡೆತ ಬಿದ್ದ ಕಡೆಯೆಲ್ಲ ರಕ್ತ ಒಸರುತ್ತದೆ. ಕೊಡದೆ ಬೆಂಗಳೂರಿಗೆ ಕಳಿಸಿದರೆ ಹಾಸನ ದಾಟುವುದರೊಳಗೆ ಸಾಯುತ್ತಾಳೆ. "ತಲೆಗೆ ಹೊಡೆದನಾ?" ಎಂದು ಕೇಳಿದೆ. ಇಲ್ಲವೆಂದು ಅವಳು ಮಲಗಿದಲ್ಲೇ ತಲೆಯಾಡಿಸಿದಳು. ಅಕ್ಕನಿಗೆ ಎಲ್ಲ ತಿಳಿಸಿ ಹೇಳಿದೆ. "ಕೊಡಿ," ಎಂದಳು. ಡ್ರಿಪ್‌ನಲ್ಲಿ ಔಷಧಿ ಶುರುಮಾಡಿದೆ.

ಅಷ್ಟರಲ್ಲಿ ಗಂಡ ಬಾಗಿಲು ಒದ್ದುಕೊಂಡು ಬಂದ. "ಯಾರನ್ ಕೇಳಿ ಕರ್ಕಂಬಂದ್ರಿ? ನನ್ ಹೆಂಡ್ತಿ ಕಣ್ರೀ ಅವ್ಳು," ಎನ್ನುತ್ತ ಅವಳ ಕೈಯಿಂದ ಸೂಜಿ ಕಿತ್ತೆಸೆದ. ಹಾಸಿಗೆ ಕ್ಷಣದಲ್ಲಿ ಕೆಂಪಾಯಿತು. ನಾನು ಅಡ್ಡ ಬಂದೆ. ಡ್ರಿಪ್ ಕಂಬ ಬೀಸಿ ನನ್ನ ಬಾಯಿಗೆ ಹೊಡೆದ. ಮುರಿದ ಹಲ್ಲು ನಾಲಿಗೆಗೆ ಸಿಕ್ಕಿತು. ಅಕ್ಕ ಸ್ಟೀಲ್ ಬೇಸಿನ್ ಎತ್ತಿ ಅವನ ತಲೆಗೆ ಬಾರಿಸಿದಳು. ಹೊರಗಿದ್ದ ಆಟೋದವರು ನುಗ್ಗಿ ಅವನನ್ನು ವರಾಂಡಕ್ಕೆ ಎಳೆದುಕೊಂಡು ಹೋಗಿ, ಅವನ ಕೂಗು ನಿಲ್ಲುವವರೆಗೂ ತುಳಿದರು. ನನ್ನ ಎರಡೂ ಹೆಬ್ಬೆರಳು ಅವಳ ಕೈಯ ಗಾಯವನ್ನು ಒತ್ತಿ ಹಿಡಿದಿದ್ದವು. ಕೈ ಖಾಲಿಯಿದ್ದಿದ್ದರೆ ಬಿಡಿಸಲು ಹೋಗುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ತೋಳಿಗೆ ಸೂಜಿ ಚುಚ್ಚಿದೆವು. ಅವಳ ವಸಡಿನಿಂದ ರಕ್ತ ಸೋರಿತು, ಮೂತ್ರ ಕೆಂಪಾಯಿತು, ಬೆನ್ನು ಪೂರ್ತಿ ಕಪ್ಪಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕವಾಟದ ಸದ್ದು ಸಣ್ಣಗೆ ಕೇಳತೊಡಗಿತು. ಸಂಜೆಗೆ ಅವಳು ನೀರು ಕೇಳಿದಳು.

ಕೆಲವು ದಿನಗಳ ನಂತರ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು, "ಸಂಸಾರ ಅಂದ್ಮೇಲೆ ಹೊಡೆತ ಬಡಿತ ಇರೋದೇ ಅಲ್ವೇನಮ್ಮ," ಎಂದ.

"ಹೊಡ್ದಿದ್ನ ತಡ್ಕಂಡಿದ್ದೆ ಸಾರ್," ಎಂದಳು. "ಮಾತ್ರೆ ಸುಟ್ಟಿದ್ನ ಬರ್ಕಳಿ. ಅದು ನನ್ ಉಸ್ರು."

ಅವನು ಬರೆದುಕೊಂಡ. ಗಂಡ ಜಾಮೀನಿನ ಮೇಲೆ ಹೊರಬಂದವನು ಘಾಟಿ ಇಳಿದು ಹೋದನೆಂದು ಕೇಳಿದೆ. ಅವಳು ಯಸಳೂರಿನ ಅಕ್ಕನ ಮನೆ ಸೇರಿ, ಮೆಣಸು ಬಿಡಿಸುವ ಕೆಲಸ ಹಿಡಿದಳು. ನಾನು ಹಾಸನ ಬಿಡುವವರೆಗೂ ಬಸ್ಸು ಹತ್ತಿ ಪರೀಕ್ಷೆಗೆ ಬರುತ್ತಿದ್ದಳು.