ಇನ್ನೂರ ಹದಿನಾಲ್ಕನೇ ನಂಬರಿನ ಮರ

1996ರಲ್ಲಿ ಅರಸೀಕೆರೆಯ ಒಂದು ಸರ್ಕಾರಿ ಕಾಲೇಜಿಗೆ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿ ವರ್ಗವಾಗಿ ಬಂದೆ. ಕೊಬ್ಬರಿ ಊರಿನಲ್ಲಿ ನಿತ್ಯಹರಿದ್ವರ್ಣದ ಮರ ಹುಡುಕುವವಳಿಗೆ ಏನು ಕೆಲಸ ಎಂದು ಸ್ಟಾಫ್ ರೂಮಿನಲ್ಲಿ ರೇಗಿಸುತ್ತಿದ್ದರು. ಅವರ ಮಾತೇನೂ ಸುಳ್ಳಲ್ಲ. ಆದರೆ ಭಾನುವಾರ ಮೊದಲ ಬಸ್ಸು ಹಿಡಿದರೆ ಹಳೇಬೀಡು ದಾಟಿ ಬೇಲೂರಿಗೆ ಹೋಗಬಹುದಿತ್ತು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಪಶ್ಚಿಮಕ್ಕೆ ಹೊರಟರೆ ಬಯಲುಸೀಮೆ ಮುಗಿದು, ವರ್ಷದ ಯಾವ ತಿಂಗಳಲ್ಲೂ ಬೋಳಾಗದ ಮರಗಳು ಕಾಣತೊಡಗುತ್ತಿದ್ದವು. ನನ್ನ ಭಾನುವಾರಗಳೆಲ್ಲ ಹೀಗೇ ಕಳೆದವು. ಮನೆಯಲ್ಲಿ ಬೈಸಿಕೊಂಡಿದ್ದೂ ಉಂಟು.

ಆ ಡಿಸೆಂಬರಿನಲ್ಲಿ ಬೇಲೂರಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಹಳ್ಳದ ದಂಡೆಯ ಒಂದು ದೇವರ ಬನಕ್ಕೆ ಹೋದೆ. ಎರಡೆಕರೆಯೂ ಇಲ್ಲದ ಸಣ್ಣ ಬನ ಅದು. ಹುಲ್ಲು ಕೊಯ್ಯುತ್ತಿದ್ದ ದೇವಮ್ಮ ಎಂಬ ಅರವತ್ತರ ಹೆಂಗಸು ನನ್ನನ್ನು ತಡೆದು, ಯಾರು, ಏನು ಎಂದು ವಿಚಾರಿಸಿದಳು. ಬನದ ಕಲ್ಲಿಗೆ ದೀಪ ಹಚ್ಚುವ ಮನೆತನ ಅವಳದು. ಎರಡು ವರ್ಷದ ಕೆಳಗೆ ಸೌದೆಗೆಂದು ಬಂದಿದ್ದ ಹೆಂಚಿನ ಕಾರ್ಖಾನೆಯವರನ್ನು ಕುಡುಗೋಲು ಹಿಡಿದು ಓಡಿಸಿದ್ದಳಂತೆ. ವಿಷಯ ವಿವರಿಸುವ ತಾಳ್ಮೆ ನನಗಿರಲಿಲ್ಲ. "ನಾನು ಸರ್ಕಾರದವಳು, ಮರ ನೋಡೋಕೆ ಬಂದಿದೀನಿ" ಎಂದೆ. ಸಂಬಳ ಸರ್ಕಾರದ್ದೇ, ಸುಳ್ಳೇನಲ್ಲ. ಅವಳು ಕುಡುಗೋಲು ಕೆಳಗಿಟ್ಟು ದಾರಿ ಬಿಟ್ಟಳು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಆ ಮರವನ್ನು ತೋರಿಸಿದವಳೂ ಅವಳೇ. ಊರಿನವರು ಅದನ್ನು ಸೋನೆ ನೇರ್ಲು ಎನ್ನುತ್ತಿದ್ದರು. ಬೇರೆ ನೇರಳೆಗಳ ಹಣ್ಣು ಮುಗಿದ ಮೇಲೆ, ಆಷಾಢದ ಸೋನೆ ಮಳೆಯಲ್ಲಿ ಇದು ಹಣ್ಣಾಗುತ್ತದೆ ಎಂದಳು. ಎದೆಮಟ್ಟದಲ್ಲಿ ಸುತ್ತಳತೆ ನೂರ ಅರವತ್ತೆರಡು ಸೆಂಟಿಮೀಟರ್. ತೊಗಟೆ ಮಾಸಲು ಬಿಳಿ. ನೇರಳೆ ಜಾತಿಯಲ್ಲಿ ಸಾಮಾನ್ಯವಾಗಿ ಎಲೆಗಳು ಎರಡೆರಡಾಗಿ ಎದುರುಬದುರು ಹುಟ್ಟುತ್ತವೆ, ಇಲ್ಲಿ ಗೆಣ್ಣಿಗೆ ಮೂರು ಇದ್ದವು. ಎಲೆ ಹಿಸುಕಿದರೆ ನಿಂಬೆಯ ವಾಸನೆ ಬರುತ್ತಿತ್ತು. ನನ್ನಲ್ಲಿದ್ದ ಪುಸ್ತಕಗಳಲ್ಲಿ ಇದು ಯಾವುದಕ್ಕೂ ಹೊಂದಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅದೇ ಗುಂಗಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದನ್ನೇ ಮರೆತು ಕಂಡಕ್ಟರನ ಕೈಲಿ ಮಾತು ಕೇಳಬೇಕಾಯಿತು.

ಹೊಸ ಪ್ರಭೇದ ಸಿಕ್ಕಿತೆಂದು ಕೂಗಿದರೆ ಸಾಲದು. ಹೂವಿರುವ ರೆಂಬೆಯನ್ನು ಒತ್ತಿ ಒಣಗಿಸಿ, ಹಾಳೆಗೆ ಹೊಲಿದು ಹರ್ಬೇರಿಯಮ್ಮಿನಲ್ಲಿ, ಅಂದರೆ ಒಣಗಿಡಗಳ ಸಂಗ್ರಹಾಲಯದಲ್ಲಿ ಇಡಬೇಕು. ಹಣ್ಣು, ಬೀಜ ಸಿಕ್ಕಬೇಕು. ಗೊತ್ತಿರುವ ಎಲ್ಲ ದಾಯಾದಿಗಳ ಜೊತೆ ಹೋಲಿಸಿ, ಆಗಿನ ನಿಯಮದಂತೆ ಲ್ಯಾಟಿನ್ನಿನಲ್ಲಿ ಒಂದು ಪ್ಯಾರಾ ವಿವರಣೆ ಬರೆಯಬೇಕು. 1997ರ ಏಪ್ರಿಲ್‌ನಲ್ಲಿ ಹೂ ಬಂತು. ಮನೆಯ ಮಾಲೀಕರ ಕೊಬ್ಬರಿ ಒಣಗುತ್ತಿದ್ದ ತಾರಸಿಯಲ್ಲೇ ನನ್ನ ರೆಂಬೆಗಳೂ ಒಣಗಿದವು. ಅವನ್ನು ಬೆಂಗಳೂರಿಗೆ ಒಯ್ದು ನನಗೆ ಪಾಠ ಹೇಳಿದ್ದ ಪ್ರೊಫೆಸರರಿಗೆ ತೋರಿಸಿದೆ. ಅವರು ಮಸೂರದಡಿ ಒಂದು ಗಂಟೆ ನೋಡಿದರು. ಹೊಗಳುವ ಜಾಯಮಾನದವರಲ್ಲ. ಕೊನೆಗೆ, "ಹೊಸದೇ ಇರಬೇಕು. ಹಣ್ಣು ತಗೊಂಡು ಬಾ, ಹೆಸರಿಡೋಣ" ಎಂದರು.

ಇನ್ನು ಆಷಾಢದವರೆಗೆ ಕಾಯಬೇಕು. ನನಗೆ ಬರಲಾಗದಿದ್ದರೆ ವಿದ್ಯಾರ್ಥಿಗಳು ಬಂದಾದರೂ ಹಣ್ಣು ತರಲಿ, ದಟ್ಟ ನೆರಳಿನಲ್ಲಿ ಅವರಿಗೆ ಮರ ತಪ್ಪಿಹೋಗಬಾರದು ಎಂದುಕೊಂಡೆ. ಸಂಗ್ರಹಿಸಿದ ಪ್ರತಿ ಮಾದರಿಗೂ ನಾವು ಒಂದು ಕ್ರಮಸಂಖ್ಯೆ ಕೊಡುತ್ತೇವೆ. ಇದರದು 214. ಅರಸೀಕೆರೆಯ ಪೇಟೆಯಲ್ಲಿ ಒಂದು ಸಣ್ಣ ಡಬ್ಬಿ ಕೆಂಪು ಪೇಂಟ್ ಕೊಂಡು, ಮೇ ತಿಂಗಳ ಒಂದು ಭಾನುವಾರ ಹೋಗಿ ಕಾಂಡದ ಮೇಲೆ ಅಂಗೈಯಗಲದ ಅಂಕಿಗಳಲ್ಲಿ 214 ಎಂದು ಬರೆದೆ. ದೇವಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಯಾತಕ್ಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಜೂನ್ ಪೂರ್ತಿ ಮೌಲ್ಯಮಾಪನದ ಡ್ಯೂಟಿಯಲ್ಲಿ ಹೋಯಿತು. ಜುಲೈ ಎರಡನೇ ವಾರದಲ್ಲಿ ಹಣ್ಣು ಹಾಕಿಡಲು ಸ್ಪಿರಿಟ್ಟಿನ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಬನದ ಪಕ್ಕದ ಗಾಡಿದಾರಿಯನ್ನು ಅಗಲ ಮಾಡಿ ಜಲ್ಲಿ ಹಾಕಿದ್ದರು. ದಾರಿಗೆ ಅಡ್ಡವಿದ್ದ ಮರಗಳು ಹೋಗಿದ್ದವು. ನನ್ನ ಮರ ದಾರಿಯಿಂದ ಮೂವತ್ತು ಅಡಿ ಒಳಗಿತ್ತು, ಅದಕ್ಕೇನೂ ಆಗಿರಲಾರದು ಎಂದುಕೊಂಡೇ ಹಳ್ಳ ದಾಟಿದೆ. ಅಲ್ಲಿ ಮೊಣಕಾಲೆತ್ತರದ ಬೊಡ್ಡೆ ಇತ್ತು. ಸುತ್ತ ಗರಗಸದ ಹೊಟ್ಟು ಮಳೆಗೆ ನೆನೆದು ಕಪ್ಪಾಗಿತ್ತು. ದಿಮ್ಮಿ ಯಾವ ಸಾಮಿಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಒಣ ಕೊಂಬೆಗಳಲ್ಲಿ ಸಿಕ್ಕಿದ್ದು ಮೆಣಸಿನ ಕಾಳಿಗಿಂತ ಚಿಕ್ಕ, ಮುರುಟಿದ ನಾಲ್ಕಾರು ಹೀಚು. ಅವುಗಳಿಂದ ಏನೂ ಹೇಳುವಂತಿರಲಿಲ್ಲ.

ದೇವಮ್ಮನ ಮನೆಗೆ ಸಿಟ್ಟಿನಿಂದಲೇ ಹೋದೆ. ಹೆಂಚಿನವರನ್ನು ಓಡಿಸಿದವಳು ಇವರನ್ನೇಕೆ ಬಿಟ್ಟೆ ಎಂದು ದಬಾಯಿಸಿದೆ. ಅವಳಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. ನಡೆದದ್ದನ್ನು ನಿಧಾನವಾಗಿ ಹೇಳಿದಳು. ಕಡಿಯಬೇಕಾದ ಮರಗಳಿಗೆಲ್ಲ ರಸ್ತೆ ಕೆಲಸದವರು ಮೊದಲೇ ಕೆಂಪು ನಂಬರು ಹಾಕಿ ಹೋಗಿದ್ದರಂತೆ. ಕೂಲಿಯವರು ಒಂದೊಂದನ್ನೇ ಕೆಡವುತ್ತ ಬಂದಾಗ ಒಳಗಿನ ಈ ನಂಬರು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಅವನ ಪಟ್ಟಿ ಅರವತ್ತಕ್ಕೇ ಮುಗಿದಿತ್ತು. ಅನುಮಾನ ಬಂದು ದೇವಮ್ಮನನ್ನೇ ಕರೆದು ಕೇಳಿದ್ದ.

"ಇದ್ಯಾರವ್ವ ನಂಬ್ರು ಹಾಕಿರೋದು ಅಂದ. ಸರ್ಕಾರದ ಮೇಡಮ್ಮೋರು ಬಂದು ಅವ್ರ ಕೈಯಾಗೇ ಬರ್ದವ್ರೆ ಅಂದೆ. ನೀವು ಬರ್ದಿದ್ದು ನಾ ಕಣ್ಣಾರೆ ಕಂಡಿವ್ನಲ್ಲ. ನಮ್ ಕಡೆ ಕಡಿಯೋ ಮರಕ್ಕೆ ತಾನೆ ನಂಬ್ರು ಹಾಕೋದು? ಬ್ಯಾರೆ ಯಾರೇ ಆಗಿದ್ರೂ ನಾ ಬುಡ್ತಿರ್ನಿಲ್ಲ. ನಿಮ್ ಕೈಬರ ಅಂತ ಸುಮ್ಕಾದೆ ಕಣವ್ವ."

ಮೇಸ್ತ್ರಿ ಕೇಳದೆ ಕಡಿದಿದ್ದರೆ ಬೈಯಲು ಒಬ್ಬನಾದರೂ ಸಿಗುತ್ತಿದ್ದ. ಅವನು ಕೇಳಿದ್ದಾನೆ, ಇವಳು ನಿಜವನ್ನೇ ಹೇಳಿದ್ದಾಳೆ. ಅವಳು ಕೊಟ್ಟ ಕಾಫಿಯನ್ನು ಹೇಗೋ ಕುಡಿದು, ಬಸ್ ಸ್ಟಾಪಿಗೆ ಬಂದು ಅತ್ತೆ. ಮೂವತ್ತೊಂಬತ್ತು ವರ್ಷದ ಲೆಕ್ಚರರು ಬೀದಿಯಲ್ಲಿ ನಿಂತು ಮರಕ್ಕಾಗಿ ಅಳುವುದನ್ನು ಅಲ್ಲಿದ್ದವರು ಏನೆಂದು ತಿಳಿದರೋ.

ಬೊಡ್ಡೆ ಚಿಗುರಬಹುದೆಂಬ ಆಸೆ ಇತ್ತು. ಮರುವರ್ಷ ಎರಡು ಚಿಗುರು ಬಂದು ಬೇಸಿಗೆಗೆ ಒಣಗಿದವು. ಆಮೇಲೆ ಗೆದ್ದಲು ಹಿಡಿಯಿತು. ಹಳ್ಳದ ಮೇಲಕ್ಕೂ ಕೆಳಕ್ಕೂ, ಸುತ್ತಲ ಬನಗಳಲ್ಲೂ ನಾಲ್ಕು ವರ್ಷ ಹುಡುಕಿದೆ. ಗೆಣ್ಣಿಗೆ ಮೂರೆಲೆಯ ಇನ್ನೊಂದು ನೇರಳೆ ಸಿಗಲಿಲ್ಲ. ಹೂವಿನ ಮಾದರಿಯಾದರೂ ದಾಖಲೆಯಾಗಲಿ ಎಂದು ಪ್ರೊಫೆಸರರು ಒತ್ತಾಯಿಸಿದ ಮೇಲೆ 2001ರಲ್ಲಿ ವಿವರಣೆ ಪ್ರಕಟಿಸಿದೆವು. ಅದಕ್ಕೊಂದು ಲ್ಯಾಟಿನ್ ಹೆಸರೂ ಸಿಕ್ಕಿತು. ಹಣ್ಣಿನ ವಿವರ ಬರಬೇಕಾದ ಜಾಗದಲ್ಲಿ "ಕಂಡಿಲ್ಲ" ಎಂಬ ಒಂದೇ ಪದವಿದೆ. ಕೊನೆಯಲ್ಲಿ, ಗೊತ್ತಿದ್ದ ಏಕೈಕ ಮರ ಈಗ ಇಲ್ಲ ಎಂಬ ಸಾಲು. ನಾಮಕರಣ ಮತ್ತು ತಿಥಿ ಒಂದೇ ದಿನ ಮಾಡಿದ ಹಾಗೆ ಆಯಿತು. ಮರ ಹೇಗೆ ಹೋಯಿತೆಂದು ಬರೆಯುವ ಧೈರ್ಯ ನನಗಾಗಲಿಲ್ಲ. ರಸ್ತೆ ಕಾಮಗಾರಿಯಲ್ಲಿ ಹೋಯಿತು ಎಂದಷ್ಟೇ ಬರೆದೆ.

ಅದು ಅಚ್ಚಾದ ಪತ್ರಿಕೆಯ ಒಂದು ಪ್ರತಿಯನ್ನು ದೇವಮ್ಮನಿಗೆ ಕೊಡಲು ಹೋದೆ. ಆ ನಂಬರು ಕಡಿಯಲಿಕ್ಕಲ್ಲ, ಉಳಿಸಲಿಕ್ಕೆ ಹಾಕಿದ್ದು ಎಂದು ಅವತ್ತು ಮೊದಲ ಸಲ ಅವಳಿಗೆ ಹೇಳಿದೆ. ಅವಳು ಪತ್ರಿಕೆಯ ರೇಖಾಚಿತ್ರದ ಮೇಲೆ ಬೆರಳಾಡಿಸಿ, ಎಲೆ ಸರಿಯಾಗೈತೆ, ಹೂವೂ ಸರಿಯಾಗೈತೆ, ಹಣ್ಣೆಲ್ಲಿ ಎಂದು ಕೇಳಿದಳು. ಹಣ್ಣನ್ನು ಯಾರೂ ಕಂಡಿಲ್ಲ ಅಂತ ಬರೆದಿದ್ದೀವಿ ಎಂದೆ.

"ನಾ ಸಣ್ಣೋಳಿದ್ದಾಗಿಂದ ತಿಂದಿವ್ನಿ. ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು.

ಅವಳು ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಹಣ್ಣು ಗೋಲಿಯಷ್ಟು ದಪ್ಪ, ಮಾಗಿದಾಗ ಕಪ್ಪಲ್ಲ, ಬದನೆ ಬಣ್ಣ. ಒಳಗೆ ಎರಡು ಬೀಜ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲು ಒಗರು, ಆಮೇಲೆ ಸಿಹಿ. ಬಾವಲಿ ತಿಂದು ಉಳಿಸಿದರೆ ಮಕ್ಕಳಿಗೆ. ನಾನು ಬೋಧಿಸಿದ ಶಾಸ್ತ್ರದಲ್ಲಿ ಮಾದರಿಯಿಲ್ಲದ ಮಾತಿಗೆ ಬೆಲೆ ಕಡಿಮೆ, ಆದ್ದರಿಂದ ಆ ಪುಟ ಎಲ್ಲೂ ಅಚ್ಚಾಗಲಿಲ್ಲ.

ನಿವೃತ್ತಿಯಾಗುವವರೆಗೆ ಆಮೇಲೆ ನಾನು ಯಾವ ಮರಕ್ಕೂ ಪೇಂಟ್ ಹಚ್ಚಲಿಲ್ಲ. ಆದರೆ ನನ್ನ ತಪ್ಪು ಬಣ್ಣದಲ್ಲಿರಲಿಲ್ಲ. ಆ ಮರವನ್ನು ಕಾಯುತ್ತಿದ್ದವಳು ಪಕ್ಕದಲ್ಲೇ ನಿಂತಿದ್ದಾಗ, ಮಾಡುತ್ತಿರುವುದೇನೆಂದು ಎರಡು ಮಾತು ಹೇಳುವಷ್ಟು ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳಿಗೇನು ತಿಳಿಯುತ್ತದೆ ಎಂದುಕೊಂಡೆ. ಅವಳಾದರೋ, ನನಗೆ ಎಲ್ಲ ತಿಳಿದಿದೆ ಎಂದುಕೊಂಡಿದ್ದಳು. ಮರ ಹೋದದ್ದು ಅದರಿಂದ.